ಬೀಳಗಿಯಿಂದ ಹೊರಟ ಕಣ್ಣಿನ ಡಾಕ್ಟರ್: ಎಂ. ಸಿ. ಮೋದಿ

ನಮ್ಮ ಕಡೆ ಹಳ್ಳಿಗಳಲ್ಲಿ ಕಣ್ಣಿನ ಆಪರೇಷನ್ ಅಂದ ಕೂಡಲೇ ವಯಸ್ಸಾದವರಿಗೆ ಒಂದು ಹೆದರಿಕೆ ಶುರುವಾಗುತ್ತದೆ. ಡಾಕ್ಟರು ಕಣ್ಣುಗುಡ್ಡೆಯನ್ನೇ ಹೊರಗೆ ತೆಗೆದು, ಸ್ವಚ್ಛ ಮಾಡಿ, ಮತ್ತೆ ಒಳಗೆ ಇಡ್ತಾರೆ ಅಂತ ನಂಬಿದವರು ಇವತ್ತಿಗೂ ಇದ್ದಾರೆ. ವಿಜಯಪುರ ಸಿಟಿಯಲ್ಲಿ ಇರಲಿ, ತಿಕೋಟಾದಲ್ಲಿ ಇರಲಿ, ಬಬಲೇಶ್ವರದಲ್ಲಿ ಇರಲಿ, ಈ ಮಾತು ಕೇಳದೇ ಇರುವ ಮನೆ ಕಡಿಮೆ. ಈ ಹೆದರಿಕೆಯಿಂದಲೇ ಎಷ್ಟೋ ಅಜ್ಜ ಅಜ್ಜಿಯರು ಪೂರ್ತಿ ಕಾಣದೇ ಹೋಗುವವರೆಗೂ ಆಸ್ಪತ್ರೆ ಮೆಟ್ಟಿಲು ಹತ್ತೋದಿಲ್ಲ.

ಇಂಥ ಹೆದರಿಕೆ ಇದ್ದ ನೆಲದಲ್ಲೇ ಹುಟ್ಟಿ, ದೇಶದ ಹಳ್ಳಿ ಹಳ್ಳಿ ತಿರುಗಿ, ಲಕ್ಷಗಟ್ಟಲೆ ಜನರ ಕಣ್ಣಿಗೆ ಆಪರೇಷನ್ ಮಾಡಿದ ಒಬ್ಬ ಡಾಕ್ಟರ್ ಇದ್ದರು. ಅವರ ಹೆಸರು ಡಾ. ಮುರಿಗೆಪ್ಪ ಚನ್ನವೀರಪ್ಪ ಮೋದಿ. ಜನ ಕರೆದದ್ದು ಡಾ. ಎಂ. ಸಿ. ಮೋದಿ ಅಂತ. ಇನ್ನೂ ಪ್ರೀತಿಯಿಂದ ಕರೆದದ್ದು ಕಣ್ಣು ಕೊಟ್ಟ ಅಣ್ಣ ಅಂತ. ಈಗ ಮೋದಿ ಅಂತ ಟೈಪ್ ಮಾಡಿದರೆ ಫೋನ್ ಬೇರೆಯವರನ್ನ ತೋರಿಸುತ್ತದೆ, ಅದು ಸಹಜ. ಆದರೆ ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಕರ್ನಾಟಕದಲ್ಲಿ ಮೋದಿ ಡಾಕ್ಟರ್ ಅಂದರೆ ಇವರೇ. ನಮ್ಮದೇ ಜಿಲ್ಲೆಯಲ್ಲಿ ಹುಟ್ಟಿದ ಇವರ ಬಗ್ಗೆ ನಮ್ಮ ಕ್ಯಾಂಪಸ್ಸಿನಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಹಾಗಾಗಿ ಈ ಸಂಚಿಕೆಗೆ ಅವರನ್ನೇ ಆರಿಸಿಕೊಂಡಿದ್ದೇವೆ.

ಕೃಷ್ಣೆಯ ಆಚೆ ದಂಡೆ

ಮೋದಿಯವರು ಹುಟ್ಟಿದ್ದು 1916ರ ಅಕ್ಟೋಬರ್ 4ರಂದು, ಬೀಳಗಿಯಲ್ಲಿ. ಬೀಳಗಿ ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಆದರೆ ಬಾಗಲಕೋಟೆ ಪ್ರತ್ಯೇಕ ಜಿಲ್ಲೆ ಆಗಿದ್ದೇ 1997ರಲ್ಲಿ. ಅಲ್ಲಿಯವರೆಗೆ ಅದು ಬಿಜಾಪುರ ಜಿಲ್ಲೆ. ಮೋದಿಯವರು ಹುಟ್ಟಿದಾಗ ಇಡೀ ಬಿಜಾಪುರ ಜಿಲ್ಲೆ ಬ್ರಿಟಿಷರ ಮುಂಬೈ ಪ್ರಾಂತ್ಯದ ಒಳಗಿತ್ತು. ಇಲ್ಲಿಯ ಜನಕ್ಕೆ ದೊಡ್ಡ ಆಸ್ಪತ್ರೆ, ದೊಡ್ಡ ಕೋರ್ಟು, ದೊಡ್ಡ ನೌಕರಿ ಅಂದರೆ ಮುಂಬೈ ಕಡೆಯೇ ಮುಖ. ಬೆಂಗಳೂರು ಆಗ ಮೈಸೂರು ಸಂಸ್ಥಾನದ ಊರು, ನಮಗೆ ಪರದೇಶ ಇದ್ದ ಹಾಗೆ.

ವಿಜಯಪುರದಿಂದ ಬಬಲೇಶ್ವರ ದಾಟಿ ದಕ್ಷಿಣಕ್ಕೆ ಹೋಗ್ತಾ ಇದ್ದರೆ ಕೃಷ್ಣಾ ನದಿ ಸಿಗುತ್ತದೆ. ಅದರ ಆಚೆ ದಂಡೆಯ ಸೀಮೆ ಬೀಳಗಿ. ನೀರು ಕಣ್ಣ ಮುಂದೆ ಹರಿದರೂ ಹೊಲಕ್ಕೆ ಬಾರದ ಕಾಲ ಅದು. ಮಳೆ ಬಂದರೆ ಬಿಳಿಜೋಳ, ಇಲ್ಲಾಂದ್ರೆ ಬರ. ಇಂಥ ಕಡೆ ಕಣ್ಣಿನ ರೋಗ ಹೆಚ್ಚಾಗೋದಕ್ಕೆ ಕಾರಣಗಳೂ ಹೆಚ್ಚು. ವರ್ಷಗಟ್ಟಲೆ ಬಿಸಿಲಲ್ಲಿ ದುಡಿದರೆ ಅಲ್ಟ್ರಾವಯಲೆಟ್ ಕಿರಣದಿಂದ ಕಣ್ಣಿನ ಲೆನ್ಸ್‌ಗೆ ಪೆಟ್ಟು ಬೀಳುತ್ತದೆ. ಸರಿಯಾದ ಊಟ ಇಲ್ಲದ ಮಕ್ಕಳಿಗೆ ವಿಟಮಿನ್ ಎ ಕಡಿಮೆಯಾಗಿ ಮೊದಲು ಇರುಳುಗಣ್ಣು, ಆಮೇಲೆ ಕಣ್ಣಿನ ಮುಂಭಾಗವೇ ಕರಗಿ ಹೋಗೋದು. ರಾಶಿ ಮಾಡುವಾಗ ಜೋಳದ ಎಲೆ ಅಥವಾ ರವದಿ ಕಣ್ಣಿಗೆ ಬಡಿದರೆ ಕಾರ್ನಿಯಾದ ಮೇಲೆ ಗೀರು, ಅದರಲ್ಲಿ ಫಂಗಸ್, ಆಮೇಲೆ ಹುಣ್ಣು. ಅದಕ್ಕೆ ಔಡಲೆಣ್ಣೆ, ಎದೆಹಾಲು ಹಾಕಿ ವಾರ ಕಳೆದರೆ ಕಣ್ಣು ಉಳಿಯೋದು ಕಷ್ಟ. ಇದೆಲ್ಲ ಆಗ ಮಾಮೂಲಿ ಸಂಗತಿ. ವಯಸ್ಸಾದ ಮೇಲೆ ಕುರುಡಾಗೋದು ಕೂದಲು ಬೆಳ್ಳಗಾದ ಹಾಗೆ, ವಿಧಿ, ಅಷ್ಟೇ ಅಂತ ಜನ ಒಪ್ಪಿಕೊಂಡಿದ್ದರು.

ಏನನ್ನು ತೆಗೀತಾರೆ?

ಮೋದಿಯವರ ಕೆಲಸ ಅರ್ಥ ಆಗಬೇಕಾದರೆ ಒಂದು ವಿಷಯ ಕ್ಲಿಯರ್ ಮಾಡಿಕೊಳ್ಳೋಣ. ಕಣ್ಣು ತೆಗೆಯುವ ಆಪರೇಷನ್ ಬೇರೆ, ಕಣ್ಣಿನ ಪೊರೆ ತೆಗೆಯುವ ಆಪರೇಷನ್ ಬೇರೆ.

ನಮ್ಮ ಕಣ್ಣು ಸುಮಾರು 24 ಮಿಲಿಮೀಟರ್ ವ್ಯಾಸದ ಗೋಲಿ. ಮುಂದೆ ಪಾರದರ್ಶಕ ಕಿಟಕಿ, ಅದು ಕಾರ್ನಿಯಾ. ಅದರ ಹಿಂದೆ ಲೆನ್ಸ್, ಕೊನೆಗೆ ರೆಟಿನಾ. ಕ್ಯಾಮೆರಾಗೆ ಹೋಲಿಸಿದರೆ ರೆಟಿನಾ ಸೆನ್ಸರ್, ಆಪ್ಟಿಕ್ ನರ ಅಂದರೆ ಡೇಟಾ ಕೇಬಲ್. ವಯಸ್ಸಾದಂತೆ ಲೆನ್ಸ್ ಒಳಗಿನ ಪ್ರೋಟೀನು ಕೆಟ್ಟು ಮಂಜಾಗುತ್ತದೆ. ಅದೇ ಮೋತಿಬಿಂದು, ಕ್ಯಾಟರಾಕ್ಟ್, ಪೊರೆ. ಸೆನ್ಸರ್ ಸರಿ ಇದೆ, ಕೇಬಲ್ ಸರಿ ಇದೆ, ಲೆನ್ಸ್ ಮಾತ್ರ ಮಬ್ಬು. ಆ ಮಬ್ಬು ಲೆನ್ಸನ್ನ ಮಾತ್ರ ತೆಗೆದರೆ ಬೆಳಕು ಮತ್ತೆ ಒಳಗೆ ಹೋಗುತ್ತದೆ. ಈ ಆಪರೇಷನ್ನಿನಲ್ಲಿ ಕಣ್ಣುಗುಡ್ಡೆ ಇದ್ದ ಜಾಗ ಬಿಟ್ಟು ಕದಲೋದಿಲ್ಲ. ಹೊರಗೆ ತೆಗೆದು ಮತ್ತೆ ಇಡೋದು ಸಾಧ್ಯವೂ ಇಲ್ಲ, ಯಾಕಂದರೆ ಆಪ್ಟಿಕ್ ನರವನ್ನ ಒಮ್ಮೆ ಕತ್ತರಿಸಿದರೆ ಮತ್ತೆ ಜೋಡಿಸುವ ವಿದ್ಯೆ ಇವತ್ತಿಗೂ ಇಲ್ಲ.

ನಿಜವಾಗಿ ಕಣ್ಣು ತೆಗೆಯುವ ಆಪರೇಷನ್ ಬೇರೆಯೇ ಇದೆ. ಅದರಲ್ಲಿ 3 ವಿಧ. ಕಣ್ಣಿಗೆ ಹೊಂದಿಕೊಂಡ 6 ಸ್ನಾಯು ಬಿಡಿಸಿ, ನರ ಕತ್ತರಿಸಿ, ಇಡೀ ಗುಡ್ಡೆ ತೆಗೆದರೆ ಅದು ಎನ್ಯುಕ್ಲಿಯೇಷನ್. ಹೊರಗಿನ ಬಿಳಿ ಚಿಪ್ಪು ಹಾಗೇ ಬಿಟ್ಟು ಒಳಗಿನದನ್ನು ಮಾತ್ರ ತೆಗೆದರೆ ಎವಿಸೆರೇಷನ್. ಕ್ಯಾನ್ಸರ್ ಬಹಳ ಹರಡಿದ್ದರೆ ಕಣ್ಣಿನ ಗೂಡಿನ ಸುತ್ತಲಿನ ಭಾಗವನ್ನೂ ಸೇರಿಸಿ ತೆಗೆಯೋದು ಎಕ್ಸೆಂಟರೇಷನ್. ಯಾರೂ ಸುಮ್ಮನೆ ಇದನ್ನ ಮಾಡೋದಿಲ್ಲ. ಚಿಕ್ಕ ಮಕ್ಕಳಿಗೆ ಬರುವ ರೆಟಿನೋಬ್ಲಾಸ್ಟೋಮಾ ಅನ್ನುವ ಕ್ಯಾನ್ಸರ್ ಕೈ ಮೀರಿದಾಗ ಜೀವ ಉಳಿಸೋದಕ್ಕೆ ಮಾಡ್ತಾರೆ. ದೃಷ್ಟಿ ಪೂರ್ತಿ ಹೋಗಿ ತಡೆಯಲಾರದ ನೋವು ಇದ್ದಾಗ ಮಾಡ್ತಾರೆ. ಹುಣ್ಣು ಒಡೆದು ಒಳಗೆಲ್ಲ ಕೀವು ತುಂಬಿದಾಗ ಮಾಡ್ತಾರೆ. ಆಮೇಲೆ ಆ ಜಾಗಕ್ಕೆ ಒಂದು ಗೋಲಿ ಇಟ್ಟು, ಮೇಲೆ ಇನ್ನೊಂದು ಕಣ್ಣಿಗೆ ಮ್ಯಾಚ್ ಆಗುವ ಕೃತಕ ಕಣ್ಣು ಕೂರಿಸ್ತಾರೆ. ಅದು ನೋಡೋದಕ್ಕೆ ಚೆನ್ನಾಗಿರುತ್ತದೆ, ಆದರೆ ಅದರಿಂದ ಏನೂ ಕಾಣೋದಿಲ್ಲ.

ಇನ್ನೊಂದು ಕಾರಣವೂ ಇದೆ. ಒಂದು ಕಣ್ಣಿಗೆ ಆಳವಾದ ಗಾಯ ಆದರೆ, ಅಪರೂಪಕ್ಕೆ ದೇಹದ ರೋಗನಿರೋಧಕ ವ್ಯವಸ್ಥೆ ತಪ್ಪು ತಿಳಿದು ಚೆನ್ನಾಗಿರೋ ಕಣ್ಣಿನ ಮೇಲೂ ದಾಳಿ ಮಾಡುತ್ತದೆ. ಬ್ರೈಲ್ ಲಿಪಿ ಕೊಟ್ಟ ಲೂಯಿ ಬ್ರೈಲ್ 3 ವರ್ಷದ ಮಗು ಇದ್ದಾಗ ಅಪ್ಪನ ಚರ್ಮದ ಕೆಲಸದ ಕೊಠಡಿಯಲ್ಲಿ ಚೂಪಾದ ಉಪಕರಣದಿಂದ ಒಂದು ಕಣ್ಣಿಗೆ ಗಾಯ ಮಾಡಿಕೊಂಡರು. 5 ವರ್ಷ ಆಗೋದರೊಳಗೆ ಎರಡೂ ಕಣ್ಣು ಹೋದವು. ವರ್ಕ್‌ಶಾಪ್ ಲ್ಯಾಬಿನಲ್ಲಿ ಗಾಗಲ್ ಹಾಕಿಕೊಳ್ಳೋದನ್ನ ಬೋರು ಅಂದುಕೊಳ್ಳುವ ನಮ್ಮಂಥವರು ಈ ಕಥೆ ನೆನಪಿಟ್ಟುಕೊಂಡರೆ ಒಳ್ಳೇದು.

ಈಗ 1940ರ ದಶಕದ ಹಳ್ಳಿಯವರ ಕಡೆಯಿಂದ ಯೋಚನೆ ಮಾಡಿ. ಅವರು ನೋಡಿದ್ದ ಕಣ್ಣಿನ ಆಪರೇಷನ್ ಕಡಿಮೆ. ಊರೂರು ತಿರುಗುವ ಕೆಲವರು ಸೂಜಿಯಿಂದ ಚುಚ್ಚಿ ಮಬ್ಬು ಲೆನ್ಸನ್ನ ಕಣ್ಣಿನ ಒಳಗೇ ಕೆಳಗೆ ತಳ್ಳುತ್ತಿದ್ದರು. ಆ ಕ್ಷಣಕ್ಕೆ ಬೆಳಕು ಕಾಣುತ್ತಿತ್ತು, ಆದರೆ ಎಷ್ಟೋ ಜನರಿಗೆ ಆಮೇಲೆ ಕೀವಾಗಿ ಕಣ್ಣೇ ಹೋಗುತ್ತಿತ್ತು. ಹಾಗಾಗಿ ಜನರ ಹೆದರಿಕೆ ಪೂರ್ತಿ ಮೂಢನಂಬಿಕೆ ಅಂತ ನಾವು ಹೇಳೋದಕ್ಕೆ ಆಗೋದಿಲ್ಲ. ಅವರು ಕಂಡಿದ್ದನ್ನೇ ಹೆದರಿದ್ದರು.

ಮುಂಬೈ ಬಿಟ್ಟು ಹಳ್ಳಿಗೆ

ಮೋದಿಯವರು ಕಣ್ಣಿನ ವೈದ್ಯರಾಗಿ ಮುಂಬೈಯಲ್ಲಿ ನೆಲೆ ನಿಲ್ಲಬಹುದಿತ್ತು. ದುಡ್ಡು, ಹೆಸರು ಎರಡೂ ಅಲ್ಲಿತ್ತು. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಶುರುವಾಯಿತು. ಆಗ ಮುಂಬೈಯಲ್ಲಿ ಗಾಂಧೀಜಿಯವರ ಭಾಷಣದ ಪ್ರಭಾವ ಇವರ ಮೇಲೆ ಆಯಿತು. ಆ ವರ್ಷ ಬಹಳ ಯುವಕರು ಓದು ಬಿಟ್ಟು ಜೈಲಿಗೆ ಹೋದರು. ಮೋದಿಯವರು ತಮ್ಮ ಕೈಲಿದ್ದ ವಿದ್ಯೆಯನ್ನೇ ಹಿಡಿದು ಹಳ್ಳಿಗೆ ಹೋದರು. ಆಗ ಅವರಿಗೆ 26 ವರ್ಷ, ನಮಗಿಂತ ಆರೇಳು ವರ್ಷ ದೊಡ್ಡವರು ಅಷ್ಟೇ.

1943ರಲ್ಲಿ ಗುಜರಾತಿನ ಪಾಟಣದಲ್ಲಿ ಅವರ ಮೊದಲ ಉಚಿತ ಕಣ್ಣಿನ ಶಿಬಿರ ನಡೆಯಿತು. ಐಡಿಯಾ ಬಹಳ ಸಿಂಪಲ್. ಕುರುಡಾದ ಬಡವ ಆಸ್ಪತ್ರೆಗೆ ಬರಬೇಕಾದರೆ ಅವನ ಜೊತೆ ಕೈ ಹಿಡಿದುಕೊಂಡು ಇನ್ನೊಬ್ಬ ಬರಬೇಕು. ಇಬ್ಬರ ಕೂಲಿ ಹೋಗುತ್ತದೆ, ಇಬ್ಬರ ಪ್ರಯಾಣದ ಖರ್ಚು, ಪಟ್ಟಣದಲ್ಲಿ ಇಬ್ಬರ ಊಟ, ವಸತಿ. ಆಪರೇಷನ್ ಫ್ರೀ ಇದ್ದರೂ ಬರೋದಕ್ಕೆ ಆಗೋದಿಲ್ಲ. ಹಾಗಾಗಿ ರೋಗಿ ಆಸ್ಪತ್ರೆಗೆ ಹೋಗುವ ಬದಲು ಆಸ್ಪತ್ರೆಯೇ ರೋಗಿಯ ಊರಿಗೆ ಹೋಗಲಿ ಅನ್ನೋದು ಶಿಬಿರದ ಮೂಲ. ಮುಂದಿನ 50 ವರ್ಷ ಮೋದಿಯವರು ಮಾಡಿದ್ದು ಇದನ್ನೇ.

ಶಿಬಿರ ಹೇಗೆ ನಡೀತಿತ್ತು

ಆ ಕಾಲದ ಸಾಮೂಹಿಕ ಕಣ್ಣಿನ ಶಿಬಿರಗಳಲ್ಲಿ ಶಾಲೆ, ಧರ್ಮಶಾಲೆ, ಮಠ, ಕಲ್ಯಾಣ ಮಂಟಪ, ಯಾವುದು ಸಿಗುತ್ತೋ ಅದೇ ಆಸ್ಪತ್ರೆ ಆಗುತ್ತಿತ್ತು. ಊರಿನವರೇ ಅಡುಗೆ ಮಾಡಬೇಕು, ಹಾಸಿಗೆ ಹೊಂದಿಸಬೇಕು, ನೀರು ಕುದಿಸಬೇಕು. ಸುತ್ತಲಿನ ಹಳ್ಳಿಗೆ ಡಂಗುರ ಹೊಡೆಸಿ ಸುದ್ದಿ ಮುಟ್ಟಿಸಬೇಕು. ಬಂದವರನ್ನ ಸಾಲಾಗಿ ಪರೀಕ್ಷೆ ಮಾಡಿ, ಪೊರೆ ಬಲಿತಿದ್ದವರನ್ನ ಬೇರೆ ಮಾಡ್ತಾರೆ. ಅವರ ಕಣ್ಣು ತೊಳೆದು, ರೆಪ್ಪೆ ಕೂದಲು ಕತ್ತರಿಸಿ, ಕಣ್ಣಿನ ಸುತ್ತ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮಲಗಿಸ್ತಾರೆ.

ಇಲ್ಲಿ ಮುಖ್ಯವಾದ ಪಾಯಿಂಟ್ ಇದೆ. ಮಾಮೂಲಿ ಆಸ್ಪತ್ರೆಯಲ್ಲಿ ಒಬ್ಬ ರೋಗಿ ಟೇಬಲ್ ಮೇಲೆ ಬರಬೇಕು, ತಯಾರಾಗಬೇಕು, ಆಪರೇಷನ್ ಆಗಬೇಕು, ಇಳೀಬೇಕು, ಆಮೇಲೆ ಮುಂದಿನವರು. ಸರ್ಜನ್ ಸಮಯದ ಹೆಚ್ಚಿನ ಭಾಗ ಕಾಯೋದರಲ್ಲೇ ಹೋಗುತ್ತದೆ. ಸಾಮೂಹಿಕ ಆಪರೇಷನ್ನಿನಲ್ಲಿ ಟೇಬಲ್‌ಗಳು ಸಾಲಾಗಿ ಇರುತ್ತವೆ. ತಯಾರಿ ಮಾಡೋರು ಬೇರೆ, ಪಟ್ಟಿ ಕಟ್ಟೋರು ಬೇರೆ. ಸರ್ಜನ್ ಮಾಡೋದು ಕಣ್ಣಿನ ಒಳಗಿನ ಆ ಒಂದು ಕೆಲಸ ಮಾತ್ರ. ನಾವು ಇಂಡಸ್ಟ್ರಿಯಲ್ ಮ್ಯಾನೇಜ್‌ಮೆಂಟ್ ಸಬ್ಜೆಕ್ಟಿನಲ್ಲಿ ಬಾಟಲ್‌ನೆಕ್ ಅಂತ ಓದ್ತೀವಲ್ಲ, ಅದೇ. ಇಡೀ ಸಿಸ್ಟಮ್ಮಿನಲ್ಲಿ ಯಾರು ಅಪರೂಪವೋ ಅವರ ಒಂದು ನಿಮಿಷವೂ ಖಾಲಿ ಹೋಗಬಾರದು. 1976ರಲ್ಲಿ ಮದುರೈಯಲ್ಲಿ 11 ಹಾಸಿಗೆಯಿಂದ ಅರವಿಂದ ಕಣ್ಣಿನ ಆಸ್ಪತ್ರೆ ಶುರು ಮಾಡಿದ ಡಾ. ಜಿ. ವೆಂಕಟಸ್ವಾಮಿಯವರೂ ಇದೇ ತತ್ವ ಹಿಡಿದರು. ಅವರದ್ದನ್ನ ಇವತ್ತು ಎಂಬಿಎ ಕ್ಲಾಸುಗಳಲ್ಲಿ ಕೇಸ್ ಸ್ಟಡಿ ಆಗಿ ಓದ್ತಾರೆ. ನಮ್ಮ ಬೀಳಗಿಯ ಡಾಕ್ಟರು ಸಾಮೂಹಿಕ ಆಪರೇಷನ್ ಶುರು ಮಾಡಿ ಆಗಲೇ 30 ವರ್ಷ ದಾಟಿತ್ತು.

ಲೆಕ್ಕ ಹಾಕಿ ನೋಡೋಣ

ಮೋದಿಯವರ ಹೆಸರು ಗಿನ್ನಿಸ್ ದಾಖಲೆ ಪುಸ್ತಕದಲ್ಲಿ ಬಂತು. ಅದರ ಪ್ರಕಾರ 1993ರ ಫೆಬ್ರವರಿವರೆಗೆ ಅವರು 46,120 ಹಳ್ಳಿಗಳಿಗೆ ಹೋಗಿದ್ದರು, 1,21,18,630 ರೋಗಿಗಳನ್ನ ನೋಡಿದ್ದರು, 6,10,564 ಆಪರೇಷನ್ ಮಾಡಿದ್ದರು. ಒಂದೇ ದಿನದಲ್ಲಿ 833 ಕ್ಯಾಟರಾಕ್ಟ್ ಆಪರೇಷನ್ ಮಾಡಿದ್ದೂ ದಾಖಲೆ.

ಎಲ್ಲರೂ ಈ 833 ಅನ್ನೋ ಸಂಖ್ಯೆಯನ್ನೇ ಹೇಳ್ತಾರೆ. ನಾವೂ ಕ್ಯಾಲ್ಕುಲೇಟರ್ ಹಿಡಿದೆವು. ದಿನದ 24 ಗಂಟೆಯೂ ನಿಲ್ಲದೇ ಮಾಡಿದರೂ ಒಂದು ಕಣ್ಣಿಗೆ ಸಿಗೋದು 104 ಸೆಕೆಂಡ್. 16 ಗಂಟೆ ಅಂದರೆ ಸುಮಾರು 69 ಸೆಕೆಂಡ್. ಲ್ಯಾಬಿನಲ್ಲಿ ಬ್ರೆಡ್‌ಬೋರ್ಡ್ ಮೇಲೆ ಒಂದು ರೆಸಿಸ್ಟರ್ ಹುಡುಕಿ ಚುಚ್ಚೋದಕ್ಕೆ ನಮಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಆದರೆ ನಮಗೆ ಉಳಿದ ಸಂಖ್ಯೆಗಳು ಇನ್ನೂ ದೊಡ್ಡದಾಗಿ ಕಂಡವು. 6,10,564 ಆಪರೇಷನ್ನನ್ನ 50 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 12,211. ಅಂದರೆ ಭಾನುವಾರ, ಹಬ್ಬ ಯಾವುದೂ ಬಿಡದೇ ದಿನಕ್ಕೆ 33. ಒಂದು ದಿನ ರೆಕಾರ್ಡ್ ಮಾಡೋದು ಬೇರೆ, 50 ವರ್ಷ ದಿನಾ 33 ಮಾಡೋದು ಬೇರೆ. ಹಳ್ಳಿಗಳ ಲೆಕ್ಕ ಹಾಕಿದರೆ ವರ್ಷಕ್ಕೆ 900ಕ್ಕೂ ಹೆಚ್ಚು. ಈಗಿನ ರಸ್ತೆ ಮೇಲೆ ಬೈಕಿನಲ್ಲಿ ತಿಕೋಟಾಕ್ಕೆ ಹೋಗಿ ಬಂದರೇ ನಮಗೆ ಸೊಂಟ ಹಿಡೀತದೆ. ಅವರು ತಿರುಗಿದ್ದು ಡಾಂಬರು ಕಾಣದ ದಾರಿಗಳಲ್ಲಿ.

ಇನ್ನೊಂದು ಭಾಗಾಕಾರ ಮಾಡಿ ನೋಡಿ. ನೋಡಿದ ರೋಗಿಗಳು 1 ಕೋಟಿ 21 ಲಕ್ಷ, ಆಪರೇಷನ್ 6 ಲಕ್ಷದ ಚಿಲ್ಲರೆ. ಅಂದರೆ 20 ಜನರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಆಪರೇಷನ್. ಉಳಿದ 19 ಜನ ಕತ್ತಿ ಮುಟ್ಟದೇ ವಾಪಸ್ ಹೋದರು. ಅವರಲ್ಲಿ ಔಷಧ ಬೇಕಾದವರು, ಚಷ್ಮಾ ಬೇಕಾದವರು, ಪೊರೆ ಇನ್ನೂ ಬಲಿಯದವರು, ಏನೂ ಮಾಡೋದಕ್ಕೆ ಆಗದವರು ಎಲ್ಲರೂ ಇದ್ದಿರಲೇಬೇಕು. ಡಾಕ್ಟರ್ ಹತ್ತಿರ ಹೋದರೆ ಕಣ್ಣು ತೆಗೆದೇ ಬಿಡ್ತಾರೆ ಅನ್ನೋ ಹೆದರಿಕೆ ಹೋಗಬೇಕಾದರೆ, ಹೋದವರಲ್ಲಿ ಬಹಳ ಜನ ಸುಮ್ಮನೆ ತೋರಿಸಿಕೊಂಡು ವಾಪಸ್ ಬಂದಿದ್ದನ್ನ ಊರು ನೋಡಬೇಕು. ಆಪರೇಷನ್ ಆದವರು ಪಟ್ಟಿ ಬಿಚ್ಚಿದ ಮೇಲೆ ಕೈ ಹಿಡಿಯೋರು ಇಲ್ಲದೇ ತಾವೇ ನಡೆದು ಬಂದಿದ್ದನ್ನೂ ನೋಡಬೇಕು. ಒಂದು ಹಳ್ಳಿಯಲ್ಲಿ ಹೀಗೆ ಒಬ್ಬ ಅಜ್ಜ ನಡೆದು ಬಂದರೆ ಮುಂದಿನ ಸಲ ಹತ್ತು ಜನ ಬರ್ತಾರೆ. ನಮ್ಮ ಪ್ರಕಾರ ಮೋದಿಯವರ ನಿಜವಾದ ಸಾಧನೆ ಇದು. ಕೈಚಳಕ ಇದ್ದ ಸರ್ಜನ್‌ಗಳು ಬೇರೆಯವರೂ ಇದ್ದರು. ಹಳ್ಳಿಯವರ ನಂಬಿಕೆಯನ್ನ ಇಷ್ಟು ದೊಡ್ಡ ಪ್ರಮಾಣದಲ್ಲಿ ಗಳಿಸಿದವರು ಕಡಿಮೆ.

ದಪ್ಪ ಗಾಜಿನ ಚಷ್ಮಾ

ಆ ಕಾಲದ ಆಪರೇಷನ್ ಇವತ್ತಿನ ಹಾಗೆ ಇರಲಿಲ್ಲ ಅನ್ನೋದನ್ನೂ ಹೇಳಬೇಕು. ಆಗ ಲೆನ್ಸನ್ನ ಅದರ ಚೀಲದ ಸಮೇತ ಇಡಿಯಾಗಿ ತೆಗೆಯುತ್ತಿದ್ದರು. ಅದಕ್ಕೆ ಕಾರ್ನಿಯಾದ ಅಂಚಿನಲ್ಲಿ ಹೆಚ್ಚು ಕಡಿಮೆ ಅರ್ಧ ಸುತ್ತು ಕೊಯ್ಯಬೇಕು. ಗಾಯ ಕೂಡುವವರೆಗೆ ರೋಗಿ ದಿನಗಟ್ಟಲೆ ತಲೆ ಅಲುಗಾಡಿಸದೇ ಮಲಗಬೇಕು. ಕೆಮ್ಮಬಾರದು, ಬಗ್ಗಬಾರದು.

ಲೆನ್ಸ್ ತೆಗೆದ ಮೇಲೆ ಅದರ ಜಾಗ ಖಾಲಿ. ಫೋಕಸ್ ಮಾಡೋದಕ್ಕೆ ಹೊರಗೆ ಸುಮಾರು ಪ್ಲಸ್ 10 ಡಯಾಪ್ಟರಿನ ದಪ್ಪ ಚಷ್ಮಾ ಬೇಕು. ನಮ್ಮ ಹಳೇ ಫ್ಯಾಮಿಲಿ ಫೋಟೋಗಳಲ್ಲಿ ಅಜ್ಜಂದಿರ ಕಣ್ಣು ಚಷ್ಮಾದ ಹಿಂದೆ ಗೋಲಿ ಹಾಗೆ ದೊಡ್ಡದಾಗಿ ಕಾಣುತ್ತಲ್ಲ, ಅದು ಇದೇ. ಆ ಚಷ್ಮಾದಲ್ಲಿ ಎಲ್ಲ ವಸ್ತು ಸುಮಾರು ಕಾಲು ಭಾಗ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಲೋಟಕ್ಕೆ ಕೈ ಹಾಕಿದರೆ ಅಂದಾಜು ತಪ್ಪುತ್ತದೆ, ಮೆಟ್ಟಿಲು ಇಳಿಯೋದಕ್ಕೆ ಹೆದರಿಕೆ ಆಗುತ್ತದೆ. ಗಾಜಿನ ಅಂಚಿನ ಸುತ್ತ ಏನೂ ಕಾಣದ ಒಂದು ಬಳೆ ಇರುತ್ತದೆ, ಪಕ್ಕದಿಂದ ಬಂದವರು ಇದ್ದಕ್ಕಿದ್ದ ಹಾಗೆ ಪ್ರತ್ಯಕ್ಷ ಆಗ್ತಾರೆ. ಚಷ್ಮಾ ಒಡೆದರೆ ಮತ್ತೆ ಕುರುಡು. ಹೀಗಿದ್ದರೂ ಪೂರ್ತಿ ಕತ್ತಲೆಯಲ್ಲಿ ಇದ್ದವರಿಗೆ ಮೊಮ್ಮಗನ ಮುಖ ಕಾಣೋದು, ತಟ್ಟೆಯಲ್ಲಿ ಏನು ಇದೆ ಅಂತ ಗೊತ್ತಾಗೋದು, ತಾವೇ ಬಯಲಿಗೆ ಹೋಗಿ ಬರೋದು ಸಣ್ಣ ವಿಷಯ ಆಗಿರಲಿಲ್ಲ.

ಕಣ್ಣಿನ ಒಳಗೇ ಕೃತಕ ಲೆನ್ಸ್ ಇಡುವ ಕೆಲಸವನ್ನ ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ಮಾಡಿದ್ದರು. ಯುದ್ಧದ ವಿಮಾನಗಳ ಪ್ಲಾಸ್ಟಿಕ್ ಕಿಟಕಿಯ ಚೂರು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅದನ್ನ ಸಹಿಸಿಕೊಳ್ಳುತ್ತದೆ ಅಂತ ಅವರು ಗಮನಿಸಿದ್ದೇ ಅದಕ್ಕೆ ದಾರಿ. ಆದರೆ ಅದು ನಮ್ಮ ಹಳ್ಳಿಯ ಬಡವರ ಕಣ್ಣಿಗೆ ಬರೋದಕ್ಕೆ 40 ವರ್ಷಕ್ಕೂ ಹೆಚ್ಚು ಬೇಕಾಯಿತು. 1992ರಲ್ಲಿ ಮದುರೈಯಲ್ಲಿ ಅರೋಲ್ಯಾಬ್ ಶುರುವಾಗಿ ದೇಶದಲ್ಲೇ ಕಡಿಮೆ ಬೆಲೆಗೆ ಲೆನ್ಸ್ ತಯಾರಾದ ಮೇಲೆ ದಪ್ಪ ಚಷ್ಮಾ ನಿಧಾನವಾಗಿ ಮಾಯ ಆಯಿತು. ಒಂದು ಆವಿಷ್ಕಾರ ಆಗೋದು ಒಂದು ಹೆಜ್ಜೆ, ಅದು ಬಬಲೇಶ್ವರದ ಅಜ್ಜಿಗೆ ತಲುಪೋದು ಇನ್ನೊಂದು ಹೆಜ್ಜೆ. ಎರಡನೇದೂ ಇಂಜಿನಿಯರಿಂಗೇ.

ವೇಗದ ಇನ್ನೊಂದು ಮುಖ

ಒಬ್ಬರ ಬಗ್ಗೆ ಬರೆಯುವಾಗ ಬರೀ ಹೊಗಳಿದರೆ ಅದು ಸನ್ಮಾನ ಪತ್ರ ಆಗುತ್ತದೆ. ಶಿಬಿರದ ಆಪರೇಷನ್ ಬಗ್ಗೆ ಪ್ರಶ್ನೆಗಳು ಇವೆ, ಅವನ್ನೂ ನೋಡೋಣ. ಕಣ್ಣಿನ ಒಳಗಿನ ಜೆಲ್ಲಿ ಬ್ಯಾಕ್ಟೀರಿಯಾ ಬೆಳೆಯೋದಕ್ಕೆ ಒಳ್ಳೇ ಜಾಗ. ಒಂದು ಉಪಕರಣ ಸರಿಯಾಗಿ ಸ್ಟೆರಿಲೈಸ್ ಆಗದಿದ್ದರೆ, ಒಂದು ಬಾಟಲಿ ದ್ರಾವಣ ಕೆಟ್ಟಿದ್ದರೆ, ಸಾಲಿನಲ್ಲಿ ಇರೋ ಎಲ್ಲರಿಗೂ ಸೋಂಕು ಹರಡಬಹುದು. ಒಳಗೆ ಕೀವಾದರೆ ಕೆಲವೇ ದಿನಗಳಲ್ಲಿ ದೃಷ್ಟಿ ಹೋಗಬಹುದು, ಕೊನೆಗೆ ನಿಜವಾಗಿಯೂ ಕಣ್ಣು ತೆಗೆಯಬೇಕಾಗಬಹುದು. ಯಾವ ಹೆದರಿಕೆ ತೆಗೆಯೋದಕ್ಕೆ ಶಿಬಿರ ಶುರುವಾಯಿತೋ ಅದೇ ನಿಜ ಆದ ಹಾಗೆ. 2014ರಲ್ಲಿ ಪಂಜಾಬಿನ ಗುರುದಾಸಪುರ ಜಿಲ್ಲೆಯ ಒಂದು ಶಿಬಿರದಲ್ಲಿ ಆಪರೇಷನ್ ಮಾಡಿಸಿಕೊಂಡ ಹಲವರು ದೃಷ್ಟಿ ಕಳೆದುಕೊಂಡ ಸುದ್ದಿ ದೇಶಕ್ಕೆಲ್ಲ ಗೊತ್ತಾಯಿತು.

ಇದೇ ಕಾರಣಕ್ಕೆ ಪದ್ಧತಿ ಬದಲಾಗಿದೆ. ನಮ್ಮ ದೇಶದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಲ್ಲಿ ಶುರುವಾದಾಗ ಶಿಬಿರಗಳೇ ಅದರ ಬಲ. 1990ರ ದಶಕದ ನಂತರ ಹಳ್ಳಿಯಲ್ಲಿ ತಪಾಸಣೆ ಮಾತ್ರ ಮಾಡಿ, ಆಪರೇಷನ್ನಿಗೆ ರೋಗಿಗಳನ್ನ ವಾಹನದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕಡೆಗೆ ಒತ್ತು ಬಂತು. ಈಗ ನಮ್ಮ ಊರುಗಳಲ್ಲಿ ಕಣ್ಣಿನ ತಪಾಸಣಾ ಶಿಬಿರ ಅಂತ ಬ್ಯಾನರ್ ಕಟ್ತಾರಲ್ಲ, ಅದು ಈ ಹೊಸ ರೂಪ. ಹುಡುಕಿಕೊಂಡು ಹೋಗೋದು ಮೋದಿಯವರ ಕಾಲದ್ದೇ, ಕತ್ತಿ ಹಿಡಿಯುವ ಜಾಗ ಮಾತ್ರ ಬದಲಾಗಿದೆ. ಕರೆಂಟ್ ಇಲ್ಲದ, ಆಸ್ಪತ್ರೆ ಇಲ್ಲದ, ಕಣ್ಣಿನ ಡಾಕ್ಟರೇ ಸಿಗದ ಕಾಲದಲ್ಲಿ ಅವರಿಗೆ ಈ ಆಯ್ಕೆ ಇರಲಿಲ್ಲ. ಆಗ ಶಾಲೆಯ ಹಾಲ್ ಬಿಟ್ಟರೆ ಆ ರೋಗಿಗಳಿಗೆ ಬೇರೆ ಎಲ್ಲಿಯೂ ಜಾಗ ಇರಲಿಲ್ಲ ಅನ್ನೋದನ್ನ ಮರೆತು ಇವತ್ತಿನ ಅಳತೆಗೋಲಿನಿಂದ ಅಳೆಯೋದು ಸರಿಯಲ್ಲ ಅಂತ ನಮಗೆ ಅನಿಸುತ್ತದೆ. ಹಾಗೇ, ಆಗ ಹಾಗೆ ಮಾಡಿದ್ದರು ಅಂತ ಇವತ್ತು ಅದೇ ರೀತಿ ಮಾಡೋದೂ ಸರಿಯಲ್ಲ.

ಕೊನೆಯ ವರ್ಷಗಳು

ಸರ್ಕಾರ ಮೋದಿಯವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಕೊಟ್ಟಿತು. 1980ರಲ್ಲಿ ಬೆಂಗಳೂರಿನ ಮಹಾಲಕ್ಷ್ಮಿಪುರದ ಕಡೆ ಅವರ ಹೆಸರಿನ ಧರ್ಮಾರ್ಥ ಕಣ್ಣಿನ ಆಸ್ಪತ್ರೆ ಆಯಿತು. ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್‌ಗೆ ಹೋದ ಸೀನಿಯರ್‌ಗಳಿಗೆ ಮೋದಿ ಆಸ್ಪತ್ರೆ ರಸ್ತೆ ಗೊತ್ತಿರುತ್ತದೆ. ಆ ಮೋದಿ ಇವರೇ, ನಮ್ಮ ಕೃಷ್ಣೆಯ ದಂಡೆಯವರು. 2005ರ ನವೆಂಬರ್ 11ರಂದು, 89ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಈಗ ನಮ್ಮ ಪಾಳಿ

ಜೀವನಚರಿತ್ರೆ ಓದಿ ಲೈಕ್ ಒತ್ತಿ ಮುಂದೆ ಹೋಗೋದು ಸುಲಭ. ಆದರೆ ಮೋದಿಯವರು ಓಡಾಡಿದ ವಿಷಯದಲ್ಲಿ ನಮ್ಮಂಥ ವಿದ್ಯಾರ್ಥಿಗಳೂ ಮಾಡಬಹುದಾದ ಕೆಲಸ ಇದೆ.

ಒಂದು, ಮುಂದಿನ ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯರಿಗೆ ಒಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದೋದಕ್ಕೆ ಹೇಳಿ. ಮಬ್ಬು ಇದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಈಗಿನ ಆಪರೇಷನ್ನಿನಲ್ಲಿ ಕೊಯ್ಯುವ ಜಾಗ ಕೆಲವೇ ಮಿಲಿಮೀಟರ್, ಹೊಲಿಗೆ ಸಾಮಾನ್ಯವಾಗಿ ಬೇಕಾಗಲ್ಲ, ಹೆಚ್ಚಿನವರು ಅದೇ ದಿನ ಮನೆಗೆ ಬರ್ತಾರೆ. ಕಣ್ಣು ಹೊರಗೆ ತೆಗೆಯೋದಿಲ್ಲ ಅಂತ ಮೊದಲು ಬಿಡಿಸಿ ಹೇಳಿ.

ಎರಡು, ಚಿಕ್ಕ ಮಕ್ಕಳ ಫೋಟೋ ಫ್ಲ್ಯಾಶ್ ಹಾಕಿ ತೆಗೆದಾಗ ಒಂದು ಕಣ್ಣಿನ ಪಾಪೆ ಕೆಂಪಗೆ, ಇನ್ನೊಂದು ಬೆಳ್ಳಗೆ ಹೊಳೆದರೆ ಸುಮ್ಮನೆ ಬಿಡಬೇಡಿ. ಬಹಳ ಸಲ ಬೇರೆ ಕಾರಣ ಇರಬಹುದು, ಆದರೆ ರೆಟಿನೋಬ್ಲಾಸ್ಟೋಮಾ ಬೇಗ ಸಿಕ್ಕರೆ ಮಗುವಿನ ಜೀವವೂ ಉಳಿಯುತ್ತದೆ, ಎಷ್ಟೋ ಸಲ ಕಣ್ಣೂ ಉಳಿಯುತ್ತದೆ. ತಡವಾದರೆ ಜೀವ ಉಳಿಸೋದಕ್ಕೆ ಕಣ್ಣು ಕೊಡಬೇಕಾಗುತ್ತದೆ.

ಮೂರು, ಹೊಲದಲ್ಲಿ ಕಡ್ಡಿ, ರವದಿ ಕಣ್ಣಿಗೆ ಬಡಿದು ಕೆಂಪಾಗಿ ನೋವಿದ್ದರೆ ಔಡಲೆಣ್ಣೆಯೂ ಬೇಡ, ಅಂಗಡಿಯಲ್ಲಿ ಕೇಳಿ ತಂದ ಸ್ಟೆರಾಯ್ಡ್ ಡ್ರಾಪ್ಸೂ ಬೇಡ. ಫಂಗಸ್ ಇದ್ದರೆ ಸ್ಟೆರಾಯ್ಡ್ ಅದನ್ನ ಇನ್ನೂ ಬೆಳೆಸುತ್ತದೆ. ತಿಕೋಟಾ ಕಡೆ ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುವವರಿಗೂ ಇದು ಅನ್ವಯ. ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಬೇಕು.

ನಾಲ್ಕು, ನೇತ್ರದಾನ. ಇಡೀ ಕಣ್ಣು ತೆಗೆದು ಇನ್ನೊಬ್ಬರಿಗೆ ಹಾಕಿ ದೃಷ್ಟಿ ಕೊಡೋದಕ್ಕೆ ಆಗಲ್ಲ, ಆದರೆ ಮುಂದಿನ ಕಿಟಕಿ, ಅಂದರೆ ಕಾರ್ನಿಯಾ ಹಾಕಬಹುದು. ಹುಣ್ಣಿನಿಂದ, ಗಾಯದಿಂದ ಕಾರ್ನಿಯಾ ಬಿಳಿಯಾದವರಿಗೆ ಅದೇ ದಾರಿ. ಮರಣದ ನಂತರ ಸುಮಾರು 6 ಗಂಟೆಯ ಒಳಗೆ ತೆಗೀಬೇಕು, ಹೆಚ್ಚು ಹೊತ್ತು ಹಿಡಿಯೋದಿಲ್ಲ, ಮುಖ ವಿಕಾರ ಆಗೋದಿಲ್ಲ. ಚಷ್ಮಾ ಇದ್ದವರು, ಶುಗರ್ ಇದ್ದವರು, ಪೊರೆಯ ಆಪರೇಷನ್ ಆದವರು ಕೂಡ ಕೊಡಬಹುದು. ಕಣ್ಣಿನ ಬ್ಯಾಂಕಿನವರು ಬರುವವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆಫ್ ಮಾಡಿ, ತಲೆ ಸ್ವಲ್ಪ ಎತ್ತರದಲ್ಲಿ ಇಟ್ಟರೆ ಸಾಕು. 2006ರಲ್ಲಿ ಡಾ. ರಾಜಕುಮಾರ್ ಅವರ ಕಣ್ಣು ದಾನವಾಯಿತು. 2021ರಲ್ಲಿ ಪುನೀತ್ ರಾಜಕುಮಾರ್ ಅವರ 2 ಕಾರ್ನಿಯಾಗಳನ್ನ ಪದರ ಪದರವಾಗಿ ಬೇರ್ಪಡಿಸಿ 4 ಜನರಿಗೆ ಹಾಕಿದರು. ಅಪ್ಪು ಹೋದ ದಿನ ಅತ್ತವರು ನಾವೆಲ್ಲ. ಫಾರ್ಮ್ ತುಂಬಿದ್ದರೂ ಕೊನೆಗೆ ಒಪ್ಪಿಗೆ ಕೊಡೋದು ಮನೆಯವರು, ಹಾಗಾಗಿ ಮನೆಯಲ್ಲಿ ಈ ಮಾತು ಮೊದಲೇ ಆಡಿರಬೇಕು.

ಮೋದಿಯವರು ನೋಡಿದ ಕೋಟಿಗೂ ಹೆಚ್ಚು ಕಣ್ಣುಗಳಲ್ಲಿ ನಮ್ಮ ತಿಕೋಟಾ, ಬಬಲೇಶ್ವರ ಕಡೆಯವರದ್ದೂ ಇದ್ದಿರಬಹುದು. ನಿಮ್ಮ ಮನೆಯ ಹಿರಿಯರು ಯಾರಾದರೂ ಅವರ ಶಿಬಿರಕ್ಕೆ ಹೋಗಿದ್ದರೆ ಕೇಳಿ ತಿಳಿದುಕೊಂಡು ಬನ್ನಿ, ಬರೆದು ಕೊಡಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ.